ಹಳೇ ಬೊಲೆರೊ ಪಿಕಪ್‌ಗೆ ಬಾನೆಟ್ ಒಳಗೆ ಸೌಂಡ್ ಇನ್ಸುಲೇಷನ್ ಹಾಕಿದ್ದು

ಡಿಐ (ಡೀಸೆಲ್ ಸೀದಾ ಸಿಲಿಂಡರೊಳಗೇ ಸ್ಪ್ರೇ ಆಗೋ) ಇಂಜಿನ್ನಿನ ಹಳೇ ಬೊಲೆರೊ ಪಿಕಪ್ ಓಡ್ಸಿದವರಿಗೆ ಅದರ ಸೌಂಡ್ ಎಂಥದ್ದು ಅಂತ ನಾನು ಹೇಳೋ ಅವಶ್ಯಕತೆ ಇಲ್ಲ. ನಮ್ಮನೇಲಿ ಇರೋದೂ ಅದೇ ಗಾಡಿ, ಕೊಬ್ಬರಿ ತಿಪಟೂರಿಗೆ ಹಾಕೋಕೆ, ಹಿಂಡಿ ಗೊಬ್ಬರ ತರೋಕೆ, ಎಲ್ಲಾದಕ್ಕೂ ಅದೇ. ಜಾಸ್ತಿ ಓಡ್ಸೋದು ಅಪ್ಪ. ತುಮಕೂರಿಗೆ ಹೋಗಿ ಬಂದು ಇಳಿದ್ರೆ ಸುಮಾರು ಹೊತ್ತು ಅವರಿಗೆ ನಾವು ಮಾತಾಡಿದ್ದು ಸರಿಯಾಗಿ ಕೇಳ್ಸಲ್ಲ, ಎರಡೆರಡು ಸಲ ಹೇಳ್ಬೇಕು, ಆಮೇಲೆ ನಿಧಾನಕ್ಕೆ ಸರಿ ಹೋಗುತ್ತೆ. ಹಿಂಗೆ ಪದೇಪದೇ ಆದ್ರೆ ಕಿವಿ ವಾಪಸ್ ಪೂರ್ತಿ ಸರಿಹೋಗದೇ ಇರೋ ದಿನ ಬರುತ್ತೆ ಅನ್ನೋದು ನನಗೆ ಗೊತ್ತಿತ್ತು, ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು. ಗಾಡಿ ಮಾರೋ ಮಾತೇ ಇಲ್ಲ, ಇಂಜಿನ್ ಇನ್ನೂ ಕಲ್ಲಿನಂಗಿದೆ.

ಮೊದಲು ಆ ಸೌಂಡ್ ಏನು ಅಂತ ಅರ್ಥ ಮಾಡ್ಕೊಂಡ್ರೆ ಅರ್ಧ ಕೆಲಸ ಆದಂಗೆ. ಡೀಸೆಲ್ ಇಂಜಿನ್ನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ವಲ್ಲ, ಗಾಳಿನೇ ಒತ್ತಿ ಒತ್ತಿ ಕಾಯ್ಸಿ ಅದರೊಳಗೆ ಡೀಸೆಲ್ ಸ್ಪ್ರೇ ಮಾಡೋದು. ಆದ್ರೆ ಸ್ಪ್ರೇ ಆದ ತಕ್ಷಣ ಡೀಸೆಲ್ ಹತ್ಕೊಳಲ್ಲ, ಕಣ್ಣು ಮಿಟುಕಿಸೋಕಿಂತ ಎಷ್ಟೋ ಕಮ್ಮಿ ಹೊತ್ತು ಹಿಡಿಯುತ್ತೆ, ಅಷ್ಟರೊಳಗೆ ಸೇರ್ಕೊಂಡಿದ್ದ ಡೀಸೆಲ್ಲೆಲ್ಲಾ ಒಟ್ಟಿಗೆ ಹತ್ಕೊಂಡು ಪ್ರೆಶರ್ ಒಂದೇ ಸಲಕ್ಕೆ ಏರುತ್ತೆ, ಆ ಏಟೇ ಬ್ಲಾಕು, ಹೆಡ್ಡು, ಸಂಪು ಎಲ್ಲಾ ನಡುಗ್ಸಿ ಕಟಕಟ ಅಂತ ಹೊರಗೆ ಬರೋದು. ಈಗಿನ ಕಾಮನ್ ರೈಲ್ (ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡೋ) ಇಂಜಿನ್‌ಗಳಲ್ಲಿ ಮೇನ್ ಸ್ಪ್ರೇಗಿಂತ ಮುಂಚೆ ಒಂಚೂರು ಡೀಸೆಲ್ ಬಿಟ್ಟು ಹತ್ತಿಸ್ತಾರೆ, ಅದಕ್ಕೇ ಅವು ಅಷ್ಟು ಮೆತ್ತಗೆ ಓಡ್ತವೆ. ನಮ್ಮದು 2523 ಸಿಸಿ, ಬೋರ್ (ಸಿಲಿಂಡರಿನ ಅಗಲ) 88.9 ಮಿ.ಮೀ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 101.6, ಅಂದ್ರೆ ಸರಿಯಾಗಿ ಮೂರೂವರೆ ಇಂಚು ಮತ್ತು ನಾಲ್ಕು ಇಂಚು, ಇಂಚಿನ ಲೆಕ್ಕದ ಕಾಲದ ಇಂಜಿನ್ನು, ಮೆಕ್ಯಾನಿಕಲ್ ಪಂಪು, ಅದರ ಹತ್ರ ಮೆತ್ತಗೆ ಓಡು ಅಂತ ಕೇಳೋ ಹಾಗಿಲ್ಲ.

ಈ ಸೌಂಡಲ್ಲಿ ಎರಡು ಇದೆ. ಕಟಕಟ ಅನ್ನೋದು ಒಂದು, ಅದು ಹೆಚ್ಚಾಗಿ ಸಾವಿರ ಹರ್ಟ್ಜ್ ಮೇಲಿಂದ. ಸೀಟಲ್ಲಿ, ಎದೇಲಿ ಗುಂಯ್ ಅನ್ನೋದು ಇನ್ನೊಂದು. ಐಡಲ್ 800 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 13 ಸುತ್ತು ಚಿಲ್ಲರೆ, ನಾಲ್ಕು ಸಿಲಿಂಡರಲ್ಲಿ ಒಂದು ಸುತ್ತಿಗೆ ಎರಡು ಫೈರಿಂಗ್, ಹಂಗಾಗಿ 27 ಹರ್ಟ್ಜ್ ಹತ್ರ ಬರುತ್ತೆ. ಈ ಗುಂಯ್ ಅನ್ನೋದನ್ನ ಬಾನೆಟ್‌ಗೆ ಅಂಟ್ಸೋ ಅರ್ಧ ಇಂಚಿನ ಫೋಮ್ ಏನೂ ಮಾಡೋಕಾಗಲ್ಲ, ಯಾರು ಆಗುತ್ತೆ ಅಂದ್ರೂ ನಂಬ್ಬೇಡಿ. ತೆಳು ಫೋಮ್ ಹಿಡಿಯೋದು ಕಟಕಟ ಮಾತ್ರ, ಆದ್ರೆ ತಲೆ ಚಿಟ್ಟು ಹಿಡಿಸೋದೂ ಅದೇ ಆಗಿರೋದ್ರಿಂದ ಕೆಲಸ ಮಾಡೋದು ದಂಡ ಅಲ್ಲ.

ಇನ್ನೊಂದು, ಶೀಟ್ ತರೋಕೆ ಮುಂಚೆ ಇಂಜಿನ್ ನೋಡ್ಸಿ. ನಾವು ಡೀಸೆಲ್ ಸ್ಪ್ರೇ ಮಾಡೋ ನಾಝಲ್ ಬಿಚ್ಚಿ ಡೀಸೆಲ್ ಪಂಪ್ ರಿಪೇರಿ ಅಂಗಡೀಲಿ ಟೆಸ್ಟಿಂಗ್‌ಗೆ ಕೊಟ್ವಿ, ಒಂದು ಸ್ಪ್ರೇ ಸರಿ ಮಾಡ್ತಿರ್ಲಿಲ್ಲ, ಅದರ ಟಿಪ್ ಬದಲಾಯಿಸಿದ್ದಕ್ಕೇ ಒಂದು ಸಿಲಿಂಡರಿನ ಏಟು ಕಮ್ಮಿ ಆಯ್ತು. ಇಂಜಿನ್ ಫೌಂಡೇಶನ್ ರಬ್ಬರ್ ಗಟ್ಟಿಯಾಗಿ ಸೀಳು ಬಿಟ್ಟಿದ್ವು, ಅದನ್ನೂ ಹಾಕ್ಸಿದ್ವಿ, ಗುಂಯ್ ಅನ್ನೋದು ಇಳಿದಿದ್ದು ಅದರಿಂದಾನೇ. ಟ್ಯಾಪೆಟ್ (ವಾಲ್ವ್ ಸಂದು) ಚೆಕ್ ಮಾಡ್ಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿಂದ ಹೊಗೆ ಹೊರಗೆ ಬರೋ ಪೈಪಿನ ಬುಡ) ಗ್ಯಾಸ್ಕೆಟ್ ಲೀಕ್ ಇದ್ಯಾ ನೋಡಿ, ಬಾನೆಟ್ ಕೆಳಗಿನ ರಬ್ಬರ್ ಬುಷ್ ಇಲ್ದೇ ತಗಡು ತಗಡಿಗೆ ತಾಗ್ತಿದ್ರೆ ಅದೂ ಸೌಂಡೇ. ಇದೆಲ್ಲಾ ಬಿಟ್ಟು ಸೀದಾ ಫೋಮ್ ಅಂಟ್ಸಿದ್ರೆ ಇಂಜಿನ್ ಏನೋ ಹೇಳ್ತಿರೋದು ನಮಗೆ ಕೇಳ್ಸದೇ ಹೋಗುತ್ತೆ.

ಈಗ ಮೆಟೀರಿಯಲ್. ಬೆಂಗಳೂರಿನ ಜೆಸಿ ರೋಡಲ್ಲಿ ತಗೊಂಡೆ, ಆನ್‌ಲೈನಲ್ಲೂ ಸಿಗುತ್ತೆ. ಎರಡು ಥರದ್ದು ಬೇಕು. ಒಂದು ಬ್ಯುಟೈಲ್ ಶೀಟ್, 2 ಮಿ.ಮೀ ದಪ್ಪ, ಮೇಲೆ ಅಲ್ಯುಮಿನಿಯಂ ಫಾಯಿಲ್ ಇರುತ್ತೆ, ಇದು ತಗಡು ತಮಟೆ ಥರ ಬಡ್ಕೊಳೋದನ್ನ ನಿಲ್ಸುತ್ತೆ. ಇನ್ನೊಂದು ಸೌಂಡ್ ಹೀರ್ಕೊಳೋ ಫೋಮ್, ನಾನು ತಗೊಂಡಿದ್ದು ಫಾಯಿಲ್ ಹಾಕಿರೋ 10 ಮಿ.ಮೀ ನೈಟ್ರೈಲ್ ರಬ್ಬರ್ ಫೋಮ್. ಎಸಿ ಪೈಪಿಗೆ ಸುತ್ತೋ ಕಪ್ಪು ರಬ್ಬರ್ ಇರುತ್ತಲ್ಲ, ಅದೇ ಜಾತಿ. ಇದು ಸೌಂಡ್ ಹೀರೋದ್ರಲ್ಲಿ ಸ್ಪಂಜಿಗಿಂತ ಹಿಂದೆ, ಆದ್ರೆ ಆಯಿಲ್, ನೀರು ಕುಡಿಯಲ್ಲ. ಅಂಗಡೀಲಿ ಟಾರು ಬಳಿದಿರೋ ಕಪ್ಪು ಶೀಟ್ ಅರ್ಧ ರೇಟಿಗೆ ತೋರಿಸ್ತಾರೆ, ಬೇಡ ಅನ್ನಿ, ಅದು ಬಾನೆಟ್ ಕೆಳಗಿನ ಬಿಸಿಗೆ ಮೆತ್ತಗಾಗಿ ಜಾರುತ್ತೆ.

ಹಾಸಿಗೆ ಸ್ಪಂಜು, ಥರ್ಮೋಕೋಲು ಅಂಟ್ಸಿರೋ ಗಾಡಿಗಳನ್ನ ನಾನು ನೋಡಿದೀನಿ, ನೋಡಿದಾಗೆಲ್ಲಾ ಹೊಟ್ಟೆ ಒಳಗೆ ಒಂಥರಾ ಆಗುತ್ತೆ. ಹಳೇ ಗಾಡೀಲಿ ಎಲ್ಲೋ ಒಂದ್ಕಡೆ ಡೀಸೆಲ್ ಜಿನುಗ್ತಾನೇ ಇರುತ್ತೆ, ಸ್ಪಂಜು ಅದನ್ನ ಹೀರ್ಕೊಂಡು ಬತ್ತಿ ಆಗಿ ಕೂರುತ್ತೆ, ಡೀಸೆಲ್ ಕಿಡಿ ಇಲ್ದೇನೇ ಹತ್ಕೊಳೋಕೆ ಇನ್ನೂರು ಚಿಲ್ಲರೆ ಡಿಗ್ರಿ ಸಾಕು, ಲೋಡ್ ಎಳೀತಿರೋವಾಗ ಮ್ಯಾನಿಫೋಲ್ಡು, ಟರ್ಬೊ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರ್ತವೆ. ದಯವಿಟ್ಟು ಹಾಕ್ಬೇಡಿ, ಹಾಕಿದ್ರೆ ಇವತ್ತೇ ಕಿತ್ತಾಕಿ. ಯಾವ ಶೀಟ್ ತಂದ್ರೂ ಒಂದು ಚೂರು ಕತ್ತರಿಸಿ, ಹೊರಗಡೆ ಬಯಲಲ್ಲಿ ಇಕ್ಕಳದಲ್ಲಿ ಹಿಡ್ಕೊಂಡು ಕಡ್ಡಿ ಗೀರಿ ನೋಡಿ. ಬೆಂಕಿ ತೆಗೆದ ಮೇಲೆ ತಾನೇ ಆರ್ಬೇಕು, ಉರೀತಾ ತೊಟ್ಟಿಕ್ಕಿದ್ರೆ ಅದನ್ನ ಇಂಜಿನ್ ಹತ್ರ ತರ್ಬೇಡಿ.

ಅಂಟ್ಸೋ ಕೆಲಸದಲ್ಲಿ ಜಾಸ್ತಿ ಟೈಮ್ ಹೋಗೋದು ಕ್ಲೀನಿಂಗ್‌ಗೆ. ಹಳೇ ಪ್ಯಾಡಿನ ಚೂರು, ಕ್ಲಿಪ್ಪು ಎಲ್ಲಾ ತೆಗೆದು, ಸೀಮೆಎಣ್ಣೇಲಿ ಜಿಡ್ಡು ಬಿಡ್ಸಿ, ಸೋಪ್ ನೀರಲ್ಲಿ ತೊಳೆದು, ಒಣಗಿದ ಮೇಲೆ ತಿನ್ನರ್ ಹಾಕಿದ ಬಟ್ಟೇಲಿ ಇನ್ನೊಂದ್ಸಲ ಒರೆಸ್ಬೇಕು. ಪೇಂಟ್ ಮೇಲೆ ತಿನ್ನರ್ ಜಾಸ್ತಿ ಉಜ್ಜಬಾರದು. ತುಕ್ಕು ಇದ್ರೆ ಬ್ರಷ್ ಹೊಡೆದು ಪ್ರೈಮರ್ ಬಳೀರಿ. ಆಮೇಲೆ ನ್ಯೂಸ್‌ಪೇಪರ್ ಇಟ್ಟು ಅಳತೆ ತೆಗೆದು ಅದೇ ಥರ ಶೀಟ್ ಕಟ್ ಮಾಡೋದು. ಬ್ಯುಟೈಲ್ ಇಡೀ ಬಾನೆಟ್‌ಗೆ ಬೇಕಾಗಿಲ್ಲ, ಬೆರಳಲ್ಲಿ ಬಡಿದ್ರೆ ಟಣ್ ಅನ್ನೋ ಬಯಲು ಭಾಗಗಳ ಮಧ್ಯದಲ್ಲಿ ಹಾಕಿ, ತಗಡಿನ ಅರ್ಧದಷ್ಟು ಮುಚ್ಚಿದ್ರೂ ಸಾಕು, ಪೂರ್ತಿ ಹಾಕಿದ್ರೆ ಬಾನೆಟ್ ಭಾರ ಆಗೋದು ಬಿಟ್ರೆ ಅಷ್ಟೊಂದು ಲಾಭ ಇಲ್ಲ. ರೋಲರ್‌ನಲ್ಲಿ ಬಲವಾಗಿ ಒತ್ಬೇಕು, ಗಾಳಿ ಗುಳ್ಳೆ ಉಳಿದ ಕಡೆ ಅದು ಕೆಲಸ ಮಾಡಲ್ಲ. ಬಿಸಿಲಲ್ಲಿ ಗಾಡಿ ನಿಲ್ಸಿ ತಗಡು ಬೆಚ್ಚಗಾದಾಗ ಚೆನ್ನಾಗಿ ಹಿಡಿಯುತ್ತೆ. ಅದರ ಮೇಲೆ ಫೋಮ್, ಅಂಚಿಗೆಲ್ಲಾ ಫಾಯಿಲ್ ಟೇಪ್, ಮತ್ತೆ ಗಮ್ಮನ್ನೇ ನಂಬದೇ ಕಂಪನಿ ತೂತುಗಳಿಗೆ ಕ್ಲಿಪ್ಪನ್ನೂ ಹಾಕಿ, ಯಾಕಂದ್ರೆ ಬಿದ್ರೆ ಅದು ಬೀಳೋದು ಫ್ಯಾನ್ ಬೆಲ್ಟ್ ಮೇಲೆ. ನೀರು ಇಳಿಯೋ ತೂತು, ಗಾಳಿ ಎಳ್ಕೊಳೋ ಜಾಗ ಮುಚ್ಚಬಾರದು. ಗ್ಯಾಪ್ ನೋಡೋಕೆ ಏರ್ ಫಿಲ್ಟರ್ ಮೇಲೆ, ಬ್ಯಾಟರಿ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಹಾಕಿ ತೆಗೆದೆ, ಉಂಡೆ ಎಷ್ಟು ಚಪ್ಪಟೆ ಆಗಿದೆ ಅಂತ ನೋಡಿದ್ರೆ ಎಲ್ಲಿ ತಾಗುತ್ತೆ ಗೊತ್ತಾಗುತ್ತೆ.

ಇಷ್ಟು ಮಾಡಿ ಸ್ಟಾರ್ಟ್ ಮಾಡಿದ್ರೆ ಹೊರಗೆ ನಿಂತವರಿಗೆ ಫರಕ್ ಚೆನ್ನಾಗಿ ಗೊತ್ತಾಗುತ್ತೆ, ಒಳಗೆ ಕೂತವರಿಗೆ ಕಮ್ಮಿ. ಕ್ಯಾಬಿನ್ ಒಳಗೆ ಸೌಂಡ್ ಬರೋ ದಾರಿ ಫೈರ್‌ವಾಲು (ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯೆ ಇರೋ ತಗಡಿನ ಗೋಡೆ), ಅದರಲ್ಲಿರೋ ತೂತುಗಳು. ಸ್ಟಿಯರಿಂಗ್ ರಾಡ್ ಬರೋ ಕಡೆ, ವೈರಿಂಗ್ ಬರೋ ಕಡೆ, ಪೆಡಲ್ ಹಿಂದೆ, ಗೇರ್ ಲಿವರ್ ಬುಡದಲ್ಲಿ. ಗೋಡೆಯಲ್ಲಿ ನೂರಕ್ಕೆ ಒಂದು ಭಾಗ ತೂತಿದ್ರೆ ಉಳಿದ 99 ಭಾಗ ಎಷ್ಟೇ ಗಟ್ಟಿ ಇದ್ರೂ 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯೋಕಾಗಲ್ಲ, ಇದು ಲೆಕ್ಕ. ನಮ್ಮ ಗಾಡೀಲಿ ವೈರಿಂಗ್ ಗ್ರಾಮೆಟ್ (ತೂತಿಗೆ ಹಾಕೋ ರಬ್ಬರ್ ಬಳೆ) ಪುಡಿಪುಡಿ ಆಗಿತ್ತು, ರಾತ್ರಿ ಬಾನೆಟ್ ಒಳಗೆ ಟಾರ್ಚ್ ಬಿಟ್ಟು ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿದ್ರೆ ಬೆಳಕು ಎಲ್ಲೆಲ್ಲಿಂದ ಬರುತ್ತೋ ಅಲ್ಲೆಲ್ಲಾ ಸೌಂಡ್ ಬರ್ತಿತ್ತು. ಹೊಸ ಗ್ರಾಮೆಟ್ ಹಾಕಿ, ಸಂದುಗಳಿಗೆ ಬ್ಯುಟೈಲ್ ತುಂಬಿ, ಕಾಲಿಡೋ ಜಾಗದ ಮ್ಯಾಟ್ ಕೆಳಗೆ ಉಳಿದಿದ್ದ ಶೀಟ್ ಹಾಕಿದ್ವಿ. ಪೆಡಲ್ ಪೂರ್ತಿ ಕೆಳಗೆ ಹೋಗುತ್ತಾ ಅಂತ ಮೂರೂ ಒತ್ತಿ ನೋಡಿ, ಬ್ರೇಕ್ ಅಡ್ಡಿ ಆಗೋ ಥರ ಏನೂ ಇರಬಾರದು.

ನನಗೆ ಇಡೀ ಕೆಲಸದಲ್ಲಿ ಬೆಲೆಬಾಳೋದು ಈ ತೂತು ಮುಚ್ಚಿದ್ದೇ ಅನ್ಸಿದೆ, ಅದಕ್ಕೆ ಖರ್ಚಾಗಿದ್ದು ಎಲ್ಲಾದಕ್ಕಿಂತ ಕಮ್ಮಿ. ಕೈಯಲ್ಲಿ ದುಡ್ಡು ಸ್ವಲ್ಪನೇ ಇದ್ರೆ ಅಲ್ಲಿಂದ ಶುರು ಮಾಡಿ, ಬಾನೆಟ್ ಆಮೇಲೆ. ಈಗ ಐಡಲಲ್ಲಿ ಕ್ಯಾಬಿನ್ ಒಳಗೆ ಸಾಮಾನ್ಯ ದನಿಯಲ್ಲಿ ಮಾತಾಡ್ಬಹುದು. 60 ದಾಟಿದ ಮೇಲೆ ಟೈರು, ಗಾಳಿ ಸೌಂಡು ಮೇಲೆ ಬರುತ್ತೆ, ಅದು ಹಂಗೇ ಇದೆ. ಡೀಸೆಲ್ ಇಂಜಿನ್ ಕಟಕಟ ಮಾತ್ರ ಹಿಂದಕ್ಕೆ ಹೋಗಿದೆ. ಅಪ್ಪ ಮೊದಲನೇ ಸಲ ಓಡ್ಸ್ಕೊಂಡು ಬಂದು, ಗೇರ್ ಯಾವಾಗ ಬದಲಾಯಿಸ್ಬೇಕು ಅಂತ ಸೌಂಡ್ ಮೇಲೆ ಗೊತ್ತಾಗ್ತಿತ್ತು ಕಣೋ, ಈಗ ಸ್ವಲ್ಪ ಅಭ್ಯಾಸ ಆಗ್ಬೇಕು ಅಂದ್ರು. ಟೆಂಪರೇಚರ್ ಮೀಟರ್ ಮೇಲೆ ಕೆಲವು ದಿನ ಕಣ್ಣಿಟ್ಟಿದ್ವಿ, ಲೋಡಲ್ಲಿ ಏರು ಹತ್ತಿದಾಗ್ಲೂ ಮುಳ್ಳು ಮುಂಚಿನ ಜಾಗದಲ್ಲೇ ಇದೆ. ಆಯಿಲ್ ಬದಲಾಯಿಸೋವಾಗೆಲ್ಲಾ ಫೋಮಿನ ಅಂಚು ಎದ್ದಿದ್ಯಾ, ಇಲಿ ಕಡಿದಿದ್ಯಾ, ಫಾಯಿಲ್ ಮೇಲೆ ಆಯಿಲ್ ಕಲೆ ಇದ್ಯಾ ನೋಡ್ತೀವಿ. ಗೇರ್ ಲಿವರ್ ಬೂಟ್ ಮಾತ್ರ ಒಳ್ಳೇದು ಇನ್ನೂ ಸಿಕ್ಕಿಲ್ಲ, ಸಿಕ್ಕ ತಕ್ಷಣ ಅದನ್ನೂ ಹಾಕ್ಬೇಕು.