ಕಾರಟಗಿ ದಾರಿಯಲ್ಲಿ ಒಡೆದ ಟೈರು

ಮಂತ್ರಾಲಯಕ್ಕೆ ರೈಲಿನಲ್ಲಿ ಹೋಗುವುದೇ ವಾಸಿ ಅಂತ ಎಲ್ಲರೂ ಹೇಳಿದ್ದರು. ನಾವು ಕೇಳಲಿಲ್ಲ. 2025ರ ಏಪ್ರಿಲ್‌ನಲ್ಲಿ ತುಮಕೂರಿನಿಂದ ಕಾರಿನಲ್ಲೇ ಹೊರಟೆವು: ನಾನು, ಹೆಂಡತಿ, ಅಮ್ಮ, ಹತ್ತು ವರ್ಷದ ಮಗ. ಚಿತ್ರದುರ್ಗ, ಹೊಸಪೇಟೆ, ಆನೆಗೊಂದಿ, ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು. ದಾರಿ ಮೊಬೈಲೇ ಹೇಳುತ್ತದೆ. ಅದು ಹೇಳದ್ದನ್ನಷ್ಟೇ ಬರೆಯುತ್ತೇನೆ.

ಹೊರಡುವ ಮುಂಚೆ ಸರ್ವಿಸ್ ಮಾಡಿಸಿದ್ದೆ. ಆಯಿಲ್, ಬ್ರೇಕ್, ಎ.ಸಿ. ಎಲ್ಲ ಆಯಿತು. ಟೈರಿನ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. 2017ರ ಗಾಡಿ, ಓಡಿರುವುದು ಬರೀ 31,000 ಕಿಲೋಮೀಟರ್. ಟೈರು ನಲವತ್ತು ಐವತ್ತು ಸಾವಿರ ಬರುತ್ತದೆ ಅನ್ನೋದು ಲೋಕಾರೂಢಿ. ನಮ್ಮದೋ ವಾರಕ್ಕೆ ಐದು ದಿನ ಮನೆ ಮುಂದೆ ಬಿಸಿಲು ಕಾಯುತ್ತಾ ನಿಲ್ಲುವ ಗಾಡಿ. ಗ್ರಿಪ್ ಬೆರಳಿಗೆ ಚೆನ್ನಾಗಿಯೇ ಸಿಗುತ್ತಿತ್ತು.

ಆನೆಗೊಂದಿ ಹತ್ತಿರ ಉಳಿದ ರೂಮಿನ ಬಗ್ಗೆ ಎರಡೇ ಮಾತು. 2,400 ರೂಪಾಯಿ ಕೊಟ್ಟು ಎ.ಸಿ. ರೂಮ್ ತಗೊಂಡೆವು, ರಾತ್ರಿಯಿಡೀ ವೋಲ್ಟೇಜ್ ಇಲ್ಲದೆ ಎ.ಸಿ. ಬರೀ ಗಾಳಿ ಊದಿತು. ಬೆಳಿಗ್ಗೆ ಶನಿವಾರ. ಅಂಜನಾದ್ರಿಗೆ ಐನೂರಕ್ಕೂ ಮಿಕ್ಕಿ ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಜನ. ನನಗೆ ಜನಜಂಗುಳಿ ಅಂದರೆ ಆಗದು. ಅಮ್ಮ, ಮಗ ಹತ್ತಿ ಬಂದರು, ನಾನು ಕೆಳಗೆ ಎಳನೀರು ಕುಡಿಯುತ್ತಾ ಕೂತೆ. ನನ್ನಂಥವರು ಶನಿವಾರ ಆ ಕಡೆ ತಲೆ ಹಾಕಬೇಡಿ. ಮೇಲಿಂದ ನೋಟ ಚೆನ್ನಾಗಿದೆಯಂತೆ.

ಗಂಗಾವತಿ ದಾಟಿದ ಮೇಲೆ ಊರಿನ ಬಣ್ಣವೇ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ರೈಸ್ ಮಿಲ್ಲು, ಗದ್ದೆ, ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಏಪ್ರಿಲ್ ಎಂದರೆ ಎರಡನೇ ಬೆಳೆಯ ಕೊಯ್ಲು. ಅರ್ಧ ರಸ್ತೆಗೆ ಭತ್ತ ಹರವಿ, ಗಾಡಿ ಹತ್ತದಂತೆ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಉಳಿದರ್ಧದಲ್ಲಿ ಎದುರಿಂದ ಕೊಯ್ಲಿನ ಮಷಿನ್ ಬರುತ್ತದೆ.

ಹೊಸಪೇಟೆಯಿಂದಲೇ ಹಿಂದಿನ ಎಡಗಡೆ ಸಣ್ಣಗೆ ಧಪ ಧಪ ಅನ್ನುತ್ತಿತ್ತು. ರಸ್ತೆ ಸರಿಯಿಲ್ಲ ಅಂದುಕೊಂಡೆ. ರಸ್ತೆ ಚೆನ್ನಾಗಿದ್ದ ಕಡೆಯೂ ಧಪ ಧಪ ಇತ್ತು ಅನ್ನೋದು ಆಮೇಲೆ ಹೊಳೆಯಿತು. ಕಾರಟಗಿಗೆ ಇನ್ನೇನು ನಾಲ್ಕು ಕಿಲೋಮೀಟರ್ ಇದೆ ಅನ್ನುವಾಗ ಢಮ್ ಅಂತು. ಗಾಡಿಯ ಹಿಂಭಾಗ ಎಡಕ್ಕೆ ಎಳೆಯಿತು. ವೇಗ ಅರವತ್ತರ ಒಳಗಿದ್ದದ್ದು ಪುಣ್ಯ. ಬ್ರೇಕ್ ತುಳಿಯದೆ ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ಗಟ್ಟಿ ಹಿಡಿದೆ. ಜಾಣತನದಿಂದಲ್ಲ, ಕಾಲು ಮರಗಟ್ಟಿತ್ತು. ಆದರೆ ಮಾಡಬೇಕಾದ್ದೂ ಅದೇ. ಆ ಹೊತ್ತಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ತಿರುಗಿಬಿಡುತ್ತದೆ.

ಇಳಿದು ನೋಡಿದರೆ ನೆಲಕ್ಕೆ ತಾಗುವ ರಬ್ಬರಿನ ಪಟ್ಟಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಅರ್ಧ ಸುಲಿದು ನೇತಾಡುತ್ತಿತ್ತು. ಒಳಗಿನ ಸ್ಟೀಲ್ ತಂತಿ ಹೊರಗೆ. ಜ್ಯಾಕ್ ಹಾಕಿದರೆ ಎರೆಮಣ್ಣಿಗೆ ಇಳಿಯುತ್ತಾ ಹೋಯಿತು. ಭತ್ತ ಕಾಯುತ್ತಿದ್ದ ಹುಡುಗನೊಬ್ಬ ತನ್ನ ಸಾಲಿನಿಂದಲೇ ಒಂದು ಚಪ್ಪಟೆ ಕಲ್ಲು ತಂದು ಅಡಿಗೆ ಇಟ್ಟ. ಡಿಕ್ಕಿಯಲ್ಲಿ ಒಂದಡಿ ಹಲಗೆ ಇಟ್ಟುಕೊಳ್ಳಿ, ಈ ಸೀಮೆಯಲ್ಲಿ ಬೇಕಾಗುತ್ತದೆ. ಎಂಟು ವರ್ಷದಲ್ಲಿ ಒಮ್ಮೆಯೂ ಕೆಳಗಿಳಿಯದ ಸ್ಟೆಪ್ನಿಯಲ್ಲಿ ಗಾಳಿ ಅರ್ಧಕ್ಕರ್ಧ ಇಲ್ಲ. ಅದನ್ನೇ ಹಾಕಿ ಕಾರಟಗಿಯ ಪಂಕ್ಚರ್ ಅಂಗಡಿಗೆ ತೆವಳಿದೆವು.

ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬೇಕು. ಕಲ್ಲು ತಾಗಿ ಹೀಗಾಯ್ತು ಅಂದೆ. ಅವರು ಟೈರನ್ನು ಕಾಲಲ್ಲಿ ಹೊರಳಿಸಿ, ಎಂಜಲು ಹಚ್ಚಿ ಬದಿಯನ್ನು ತಿಕ್ಕಿದರು. ನಾಲ್ಕು ಅಂಕಿ ಎದ್ದು ಬಂತು: 1417.

"ಕಲ್ಲಿಂದ ಏನೂ ತಪ್ಪಿಲ್ರಿ ಸರ. ಇದು ಹದಿನೇಳನೇ ಇಸ್ವಿ ಹದಿನಾಕನೇ ವಾರದ ಮಾಲು. ಸವದಿಲ್ಲ ಖರೆ, ಒಣಗೇತಿ."

ಬದಿಯನ್ನು ಬಗ್ಗಿಸಿ ತೋರಿಸಿದರು. ಕೂದಲೆಳೆಯಂಥ ಬಿರುಕುಗಳು, ಬೇಸಿಗೆಯ ಕೆರೆಯಂಗಳದ ಹಾಗೆ. ಉಳಿದ ಮೂರರಲ್ಲೂ ಇದ್ದವು, ನಾನು ನೋಡಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲೇ ಸೇರಿಸುತ್ತೇನೆ. ರಬ್ಬರಿಗೆ ಬಿಸಿಲು, ಗಾಳಿ ತಾಗಿ ಬಿರುಕು ಬಿಡದಿರಲಿ ಅಂತ ಒಳಗೆ ಒಂದು ಬಗೆಯ ಮೇಣ ಸೇರಿಸಿರುತ್ತಾರೆ. ಚಕ್ರ ಉರುಳಿ ರಬ್ಬರ್ ಬಾಗಿ ಬಳುಕಿದಾಗ ಅದು ಮೇಲ್ಮೈಗೆ ಬರುತ್ತಿರುತ್ತದೆ. ನಿಂತೇ ಇರುವ ಗಾಡಿಗೆ ಆ ಲಾಭವಿಲ್ಲ. ಹಾಗಾಗಿ ಕಡಿಮೆ ಓಡಿಸುವವರು ಮೀಟರ್ ನೋಡಿ ನೆಮ್ಮದಿಯಿಂದ ಇರುವ ಹಾಗಿಲ್ಲ. ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಗೊತ್ತಿದ್ದವರಿಗೆ ತೋರಿಸಬೇಕು, ನಮ್ಮ ಬಿಸಿಲಿಗೆ ಆರಕ್ಕೆ ಬದಲಾಯಿಸುವುದೇ ಸರಿ ಅನ್ನೋದು ಈಗ ನನ್ನ ಲೆಕ್ಕ. ನೋಡೋಕೆ ಎಷ್ಟೇ ಚೆನ್ನಾಗಿದ್ದರೂ ಹತ್ತು ದಾಟಿಸಬೇಡಿ ಅಂತ ತಯಾರಿಸುವವರೇ ಹೇಳುತ್ತಾರೆ; ಸ್ಟೆಪ್ನಿಗೂ ಅದೇ ಮಾತು. ಹೆಚ್ಚು ಓಡಿಸುವವರು ಗ್ರಿಪ್ಪಿನ ಕಾಲುವೆಯೊಳಗೆ ಸಣ್ಣ ದಿಬ್ಬ ಹುಡುಕಿ. ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಕಾನೂನಿನ ಗಡಿಯೂ ಅದೇ. ಹೊಸದರಲ್ಲಿ ಏಳೆಂಟು ಇರುತ್ತದೆ. ಬದಿಯಲ್ಲಿ ಗುಳ್ಳೆ ಎದ್ದಿದ್ದರೆ ಇದಾವ ಲೆಕ್ಕವೂ ಬೇಡ. ಒಳಗಿನ ನೂಲು ತುಂಡಾಗಿದೆ ಎಂದರ್ಥ, ಅಂಥದ್ದಕ್ಕೆ ರಿಪೇರಿ ಇಲ್ಲ.

ಯಜಮಾನರು ಮೂರಕ್ಕೂ ಗಾಳಿ ನೋಡಿದರು. 26, 27, 25. ಡ್ರೈವರ್ ಬಾಗಿಲಿನ ಒಳಪಟ್ಟಿಯ ಸ್ಟಿಕ್ಕರಿನಲ್ಲಿ 33 ಅಂತ ಬರೆದಿದೆ. ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಕಮ್ಮಿ ಇರಲಿ ಅಂತ ನಾನೇ ಇಳಿಸಿದ್ದೆ. ಅದು ಶುದ್ಧ ಮೂರ್ಖತನ. ಗಾಳಿ ಕಮ್ಮಿಯಾದಷ್ಟೂ ಬದಿ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ, ಕಾದರೆ ಹಳೆಯ ರಬ್ಬರ್ ಪದರ ಬಿಡುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಸ್ಟಿಕ್ಕರಿನಲ್ಲಿದ್ದಷ್ಟು ತುಂಬಿಸಿ, ಆಮೇಲೆ ಬಿಸಿಗೆ ಏರಿದರೆ ಏರಲಿ, ಇಳಿಸಬೇಡಿ.

ಕೆಲಸ ಮುಗಿಯುವಷ್ಟರಲ್ಲಿ ಎದುರಿಗಿದ್ದ ಬಂಡಿಯಲ್ಲಿ ಒಗ್ಗರಣೆ ಮಿರ್ಚಿ. ಈ ಪ್ರವಾಸದ ಒಂದೇ ಒಂದು ಶುಭ ಸಮಾಚಾರ ಅದು. ನಾನು ನಮ್ಮ ಕಡೆಯ ಚುರುಮುರಿ ಅಂದುಕೊಂಡಿದ್ದೆ, ಅಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ ಮಗುಚುತ್ತಾರೆ. ಮೇಲೆ ಪುಟಾಣಿ ಪುಡಿ, ಲಿಂಬೆ. ಮೆತ್ತಗಿರುತ್ತದೆ, ಮುದ್ದೆಯಾಗುವುದಿಲ್ಲ. ಆ ಹದ ಎರಡು ಸೆಕೆಂಡಿನ ಆಟ. ಅಲ್ಲಿದ್ದ ಹೆಂಗಸು ಮುಖ ಎತ್ತದೆ ಮಾಡುತ್ತಿದ್ದಳು. ಪಕ್ಕದ ಬಾಣಲೆಯಿಂದ ನೇರ ತಟ್ಟೆಗೆ ಬೀಳುವ ಮಿರ್ಚಿ, ಕಚ್ಚಿದರೆ ತುದಿಯಲ್ಲಿ ಹಬೆ. ಪ್ಲೇಟಿಗೆ ಮೂವತ್ತು ರೂಪಾಯಿ. ಅಮ್ಮ, ರಸ್ತೆ ಬದಿ ತಿನ್ನಲ್ಲ ಅನ್ನುವವರು, ಎರಡನೇ ಪ್ಲೇಟ್ ಕೇಳಿದರು. ಎ.ಸಿ. ರೂಮಿನವರ 180 ರೂಪಾಯಿಯ ಪೂರಿ ನೆನಪಾಗಿ ಹೊಟ್ಟೆ ಉರಿಯಿತು. ನಿಮ್ಮ ಟೈರ್ ಸರಿ ಇದ್ದರೂ ಕಾರಟಗಿಯಲ್ಲಿ ನಿಲ್ಲಿಸಿ.

ಸಿಂಧನೂರಿನವರೆಗೆ ನಲವತ್ತರ ವೇಗದಲ್ಲಿ ಹೋದೆವು. ಮೋಸ ಹೋಗುವುದು ಬಾಕಿ ಇತ್ತಲ್ಲ, ಅದಕ್ಕೊಂದು ದೊಡ್ಡ ಟೈರ್ ಅಂಗಡಿ ಕಾದಿತ್ತು. 185/65 ಆರ್ 15, ಎರಡು ಬೇಕು ಅಂದೆ. "ಹೊಸ ಮಾಲು ಸರ, ನಿಮಗಂತ 4,300ಕ್ಕೆ ಕೊಡ್ತೀವಿ" ಅಂದರು. ಬೇರೆ ಕಡೆ ಐದೂವರೆ ಸಾವಿರದ ಹತ್ತಿರ ಇರುವ ಟೈರು. ಕರ್ರಗೆ ಹೊಳೆಯುತ್ತಿತ್ತು, ಮುಟ್ಟಿದರೆ ಬೆರಳಿಗೆ ಪಾಲಿಶ್ ಅಂಟಿತು. ಅಂಕಿ ಹುಡುಕಿದೆ, ಕಾಣಲಿಲ್ಲ. ಅದು ಒಂದೇ ಬದಿಗೆ ಇರುತ್ತದೆ, ಅವರು ಆ ಬದಿಯನ್ನು ಗೋಡೆಗೆ ಮಾಡಿ ನಿಲ್ಲಿಸಿದ್ದರು. ತಿರುಗಿಸಿದರೆ 3820. ನಾಲ್ಕೂವರೆ ವರ್ಷದ ಹಳೆಯದು. "ಓಡಿಲ್ಲಲ್ರಿ ಸರ, ಹೊಸದ ಅಲ್ಲೇನು?" ಅನ್ನುತ್ತಾರೆ. ನೆರಳಲ್ಲಿಟ್ಟ ಟೈರು ಓಡಿದ್ದರಷ್ಟು ಬೇಗ ಹಳತಾಗುವುದಿಲ್ಲ, ಒಪ್ಪುತ್ತೇನೆ. ವರ್ಷದೊಳಗಿನದ್ದಾದರೆ ಚಿಂತೆಯಿಲ್ಲ. ಆದರೆ ನಾಲ್ಕೂವರೆ ವರ್ಷ? ಬಿಲ್ ಕೇಳಿದ ಮೇಲಂತೂ ಮುಖವೇ ಬದಲಾಯಿತು.

ಬಸ್ ಸ್ಟ್ಯಾಂಡ್ ಕಡೆ ಒಂದು ಸಣ್ಣ ಅಂಗಡಿಯಲ್ಲಿ 0625 ಸಿಕ್ಕಿತು, ಅದೇ ವರ್ಷದ ಫೆಬ್ರವರಿ ಮಾಲು. ಬಿಲ್ ಸಮೇತ ಒಂದಕ್ಕೆ 5,500. ಆಗ ಕಾರಿನ ಟೈರಿಗೆ ಶೇ 28 ಜಿಎಸ್‌ಟಿ ಇತ್ತು. ಆ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ, ನೀವು ಚೌಕಾಸಿ ಮಾಡುವಾಗ ನೆನಪಿರಲಿ. ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ. ಎಂಜಿನ್ ಮುಂದಿದೆ, ಮುಂದಕ್ಕೇ ಹಾಕಿ ಅಂತ ಹುಡುಗರು ವಾದಿಸುತ್ತಾರೆ. ಒದ್ದೆ ರಸ್ತೆಯಲ್ಲಿ ಹಿಂದಿನದು ಜಾರಿದರೆ ಗಾಡಿ ಕೈಗೆ ಸಿಗುವುದಿಲ್ಲ, ಹಾಗಾಗಿ ಹಿಂದೆಯೇ. ಗಾಳಿ ತುಂಬುವ ರಬ್ಬರ್ ವಾಲ್ವನ್ನೂ ಜೊತೆಗೇ ಬದಲಾಯಿಸಿ, ನೂರಿನ್ನೂರರ ಮಾತು. ಉಳಿದವನ್ನು ಊರಿಗೆ ಬಂದ ವಾರದಲ್ಲೇ ತೆಗೆಸಿದೆ, ಸ್ಟೆಪ್ನಿಯನ್ನೂ.

ಮಾರನೆಯ ದಿನ ಮಸ್ಕಿಗೆ ಹೋಗಿಬಂದೆವು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಖಚಿತಪಡಿಸಿದ ಬಂಡೆಶಾಸನ, 1915ರಲ್ಲಿ ಕಣ್ಣಿಗೆ ಬಿದ್ದದ್ದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಬ್ರಾಹ್ಮಿಯನ್ನು ಓದಿದವರಿದ್ದಾರೆ, ನೀನು ಟೈರಿನ ನಾಲ್ಕು ಅಂಕಿ ಓದೋಕೆ ಎಂಟು ವರ್ಷ ಬೇಕಾಯ್ತಾ ಅಂತ ಅಮ್ಮ ಕೇಳಿದರು. ಮಂತ್ರಾಲಯದ ದರ್ಶನದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಸಿಂಧನೂರಿನಿಂದ ಮಾನ್ವಿ ಮೇಲೆ ರಾಯಚೂರಿಗೆ ಹೋಗುವವರು ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಹೊರಡಿ. ಹತ್ತರ ಮೇಲೆ ಡಾಂಬರು ಕಾದಿರುತ್ತದೆ. ಕತ್ತಲಾದ ಮೇಲಂತೂ ಬೇಡವೇ ಬೇಡ: ಭತ್ತ ಬಾಚಿಕೊಂಡು ಹೋಗಿರುತ್ತಾರೆ, ಕಲ್ಲುಗಳು ಅಲ್ಲೇ ಇರುತ್ತವೆ.