ಮಾರ್ಗದರ್ಶಕರು ಸಿಕ್ಕಿದ್ದು ಮುರಿದ ರೊಟ್ಟಿಯಿಂದ

ಜೋಳದ ಖಡಕ್ ರೊಟ್ಟಿಯನ್ನು ಬೆಂಗಳೂರಿಗೆ ಕಳುಹಿಸುವ ನವೋದ್ಯಮವನ್ನು ಹುಬ್ಬಳ್ಳಿಯಲ್ಲಿ ಆರಂಭಿಸಿದಾಗ, ಮಾರ್ಗದರ್ಶಕರೆಂದರೆ ದೊಡ್ಡ ಹೆಸರಿನವರೇ ಆಗಿರಬೇಕೆಂದು ನಂಬಿದ್ದೆ. ಅಂಥವರೊಬ್ಬರು ಸಿಕ್ಕರು ಕೂಡ. ಮೊದಲ ಭೇಟಿಯಲ್ಲೇ ಶೇ 5ರಷ್ಟು ಷೇರು ಕೇಳಿ, ಹೂಡಿಕೆದಾರರಿಗೆ ತೋರಿಸುವ ಸ್ಲೈಡುಗಳ ಬಣ್ಣದ ಬಗ್ಗೆಯೇ ಒಂದು ಗಂಟೆ ಮಾತನಾಡಿದರು. ಸಲಹೆಗಾರರಿಗೆ ಸಾಮಾನ್ಯವಾಗಿ ಶೇ 1ರೊಳಗೆ, ಅದನ್ನೂ ಒಂದೆರಡು ವರ್ಷಗಳಲ್ಲಿ ಹಂತಹಂತವಾಗಿ ಕೊಡುವುದು ರೂಢಿ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಪುಣ್ಯಕ್ಕೆ ಸಹಿ ಹಾಕಿರಲಿಲ್ಲ.

ನವೋದ್ಯಮಗಳಿಗೆ ನೆರವಾಗುವ ನಮ್ಮೂರಿನ ದೇಶಪಾಂಡೆ ಸ್ಟಾರ್ಟಪ್ಸ್ ಮತ್ತು ಬೆಂಗಳೂರು ಐಐಎಂನ ಎನ್‌ಎಸ್‌ಆರ್‌ಸೆಲ್ ಕೇಂದ್ರಗಳು, ಮಾರ್ಗದರ್ಶಕರನ್ನು ಹೊಂದಿಸಿಕೊಡುವ ಕೇಂದ್ರ ಸರ್ಕಾರದ ಮಾರ್ಗ್ ಪೋರ್ಟಲ್ ಹೀಗೆ ಮಾರ್ಗದರ್ಶಕರನ್ನು ಹುಡುಕಲು ದಾರಿಗಳು ಹಲವಿವೆ. ಆದರೆ ಎಲ್ಲಿಗೇ ಹೋಗುವ ಮೊದಲು, ನಮ್ಮ ಉದ್ಯಮಕ್ಕೆ ಸದ್ಯ ಅಡ್ಡಿಯಾಗಿರುವುದು ಏನೆಂಬುದನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಬೇಕು. ಯಾರ ಅನುಭವ ಬೇಕೆಂಬುದು ಆ ಸಾಲಿನಿಂದಲೇ ತಿಳಿಯುತ್ತದೆ. ನನ್ನ ಸಾಲು ಇಷ್ಟೇ: ‘ದಾರಿಯಲ್ಲಿ ರೊಟ್ಟಿ ಮುರಿಯುತ್ತಿದೆ.’

ಅದನ್ನು ಓದಿದ, ಬಿಸ್ಕತ್ತು ಸಾಗಣೆಯಲ್ಲಿ 30 ವರ್ಷ ದುಡಿದಿದ್ದ ಹಿರಿಯರೊಬ್ಬರು ನಮ್ಮ ಪೆಟ್ಟಿಗೆಯೊಂದನ್ನು ಸೊಂಟದೆತ್ತರದಿಂದ ಕೆಳಕ್ಕೆ ಬಿಟ್ಟು, ಬಿಚ್ಚಿ, ಮುರಿದವನ್ನು ಒಂದೊಂದಾಗಿ ಎಣಿಸಿದರು. ‘ಐದ್ ರೊಟ್ಟಿಗೊಂದು ರಟ್ಟ ಹಾಕ್ರಿ, ತಿಂಗಳ ಬಿಟ್ಟು ಲೆಕ್ಕ ತೊಗೊಂಡು ಬರ್ರಿ’ ಎಂದರು. ಷೇರಿನ ಮಾತನ್ನು ಅವರು ಇಂದಿಗೂ ಎತ್ತಿಲ್ಲ.