ಹಿತ್ತಲ ಬಾಗಿಲ ಚಿಲಕ

ದಸರಾ ರಜೆಗೆ ಊರಿಗೆ ಹೋಗಿದ್ದಾಗ ರಾತ್ರಿಯೆಲ್ಲ ಹಿತ್ತಲ ಬಾಗಿಲ ಚಿಲಕದ ಸದ್ದು ಕೇಳುತ್ತಿತ್ತು. ಹಳೇ ಕಬ್ಬಿಣದ ಚಿಲಕ. ತೆಗೆದರೆ ಕಿರ್ರೆನ್ನುತ್ತದೆ, ಹಾಕಿದರೆ ಟಪ್ಪೆನ್ನುತ್ತದೆ. ಹನ್ನೊಂದಕ್ಕೆ ಒಮ್ಮೆ, ಒಂದೂವರೆಗೆ ಒಮ್ಮೆ, ಮೂರಕ್ಕೆ, ಮತ್ತೆ ನಾಲ್ಕೂವರೆಗೆ. ಕಿರ್ರಿಗೂ ಟಪ್ಪಿಗೂ ನಡುವೆ ತುಂಬಾ ಹೊತ್ತು ಹಿಡಿಯುತ್ತಿತ್ತು. ಅಪ್ಪ ಒಂದಕ್ಕೆ ಎದ್ದು ಹೋಗಿದ್ದಾನೆ ಅಂತ ನನಗೆ ಗೊತ್ತು. ಗೊತ್ತಿದ್ದೂ ಮಗ್ಗುಲು ತಿರುಗಿ ಮಲಗಿದೆ. ಹೆತ್ತ ಅಪ್ಪನನ್ನು ಮಗಳು ಅದನ್ನು ಹೇಗೆ ಕೇಳುವುದು?

ನಾನು ಕೋಲಾರದ ಹತ್ತಿರ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದಿನಕ್ಕೆ ಇಪ್ಪತ್ತು ಸಲ ಯಾವುದಾದರೊಂದು ಮಗು ಕಿರುಬೆರಳು ಎತ್ತಿ "ಮಿಸ್, ಒಂದಕ್ಕೆ" ಅನ್ನುತ್ತದೆ. ಅದೇ ಮಾತು 71 ವರ್ಷದ ಅಪ್ಪನ ಬಾಯಿಂದ ಬರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ಅವನು ಯಾರಿಗೂ ಹೇಳದೆ ಒಂದು ಕ್ಲಿನಿಕ್ಕಿಗೆ ಹೋಗಿ ಬರುತ್ತಿದ್ದನಂತೆ. "ವಯಸ್ಸಾಯ್ತಲ್ಲ ಯಜಮಾನ್ರೇ, ಎಲ್ಲರಿಗೂ ಇದ್ದಿದ್ದೇ" ಅಂತ ಹೇಳಿ ಮೂತ್ರ ಸರಾಗವಾಗಿ ಇಳಿಯುವ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಸ್ವಲ್ಪ ಆರಾಮವೂ ಆಯಿತು. ಆ ಆರಾಮದಿಂದಲೇ ನಾವು ಮೋಸಹೋದದ್ದು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುವುದು ಸಹಜ, ಹಾಗೆ ಆಗುವ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದೂ ಇಲ್ಲ. ಆದರೆ ಇದೆಯೋ ಇಲ್ಲವೋ ಅಂತ ಒಂದು ಸಲ ನೋಡಬಹುದಿತ್ತು. ಯಾರೂ ನೋಡಲಿಲ್ಲ. ನಾನೂ ಕೇಳಲಿಲ್ಲ.

ನವೆಂಬರಿನಲ್ಲಿ ಸೊಂಟನೋವು ಶುರುವಾಯಿತು. ಅಪ್ಪ 26 ವರ್ಷ ನಮ್ಮೂರಿನ ಹಾಲು ಡೈರಿಯ ಸೆಕ್ರೆಟರಿ ಆಗಿದ್ದವನು. ನಿವೃತ್ತಿಯಾದ ಮೇಲೂ ಸಂಜೆ ಹಾಲು ಹಾಕುವ ಹೊತ್ತಿಗೆ ಅಲ್ಲಿಗೇ ಹೋಗಿ ಕೂರುತ್ತಾನೆ, ಬೇಡವೆಂದರೂ ಕ್ಯಾನಿಗೆ ಕೈಕೊಡುತ್ತಾನೆ. ಕ್ಯಾನು ಎತ್ತಿದ್ದಕ್ಕೇ ನೋವು ಅಂದುಕೊಂಡೆವು. ಎಣ್ಣೆ ನೀವಿದೆವು, ಬಿಸಿನೀರಿನ ಶಾಖ ಕೊಟ್ಟೆವು. ಡಿಸೆಂಬರ್ ಮೊದಲ ವಾರ ಕೋಲಾರಕ್ಕೆ ಕರೆತಂದು ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ನೋಡಿ, ನನ್ನನ್ನು ನೋಡಿ, ಅಪ್ಪನ ಕಡೆ ತಿರುಗಿ "ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತೀರಿ?" ಅಂತ ಕೇಳಿದರು. ಅಪ್ಪ ನನ್ನ ಕಡೆ ನೋಡಿದ. ನಾನು ಎದ್ದು ಹೊರಗೆ ಹೋದೆ. ಈಗ ನೆನೆದರೆ, ಅಲ್ಲೇ ಕೂತಿರಬೇಕಿತ್ತು ಅನ್ನಿಸುತ್ತದೆ.

ಪಿಎಸ್‌ಎ ಅಂತ ಒಂದು ರಕ್ತಪರೀಕ್ಷೆ ಬರೆದರು. ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಇರುತ್ತದೆ. ಅದರಿಂದ ಬರುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಅಂತ ಅಳೆಯುವುದೇ ಈ ಪರೀಕ್ಷೆ. ಸಾಮಾನ್ಯವಾಗಿ 4ರ ಒಳಗಿರಬೇಕು ಅನ್ನುತ್ತಾರೆ. ಸೋಂಕಿದ್ದರೂ ಗ್ರಂಥಿ ದಪ್ಪವಾಗಿದ್ದರೂ ಏರಬಹುದು. ಅಪ್ಪನದು 46.8 ಬಂತು.

ಚೀಟಿಯನ್ನು ಅಪ್ಪ ಬಹಳ ಹೊತ್ತು ನೋಡಿದ. "ಹಾಲಿಗೆ ಮೂರೂವರೆ ಫ್ಯಾಟು ಇರಬೇಕು ಅಂದ ಕಡೆ ಯಾವನಾದರೂ ಮೂವತ್ತೈದು ತಂದರೆ ನಾನು ಮಿಷನ್ನೇ ಕೆಟ್ಟಿದೆ ಅಂತೀನಿ. ಇನ್ನೊಂದು ಕಡೆ ಹಾಕ್ಸು ಪಾಪ" ಅಂದ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪಾಪ ಅಂತಲೇ ಕರೆಯುವುದು, ನಲವತ್ತು ದಾಟಿದರೂ. ಇನ್ನೊಂದು ಲ್ಯಾಬಿನಲ್ಲಿ ಹಾಕಿಸಿದೆ. 45.1. ಅಪ್ಪ ಮತ್ತೆ ಮಿಷನ್ನಿನ ಮಾತೆತ್ತಲಿಲ್ಲ.

ಡಿಸೆಂಬರ್ 20ಕ್ಕೆ ಬಯಾಪ್ಸಿ ಆಯಿತು. ಗುದದ್ವಾರದ ಮೂಲಕ ಸ್ಕ್ಯಾನಿಂಗ್ ಕೊಳವೆ ಇಟ್ಟು, ಸ್ಪ್ರಿಂಗ್ ಇರುವ ಸೂಜಿಯಿಂದ ಗ್ರಂಥಿಯ ಬೇರೆ ಬೇರೆ ಭಾಗದಿಂದ ದಾರದಂಥ ಚೂರು ತೆಗೆಯುತ್ತಾರೆ. ಹೊರಗೆ ಬಂದ ಅಪ್ಪ ಬೆವೆತುಹೋಗಿದ್ದ. "ಹನ್ನೆರಡು" ಅಂದ. ಏನು ಹನ್ನೆರಡು ಅಂದೆ. "ಟಕ್ ಅನ್ನುತ್ತೆ ಒಂದೊಂದು ಸಲ. ಎಣಿಸ್ದೆ." ಎಲ್ಲವನ್ನೂ ಎಣಿಸುವುದು ಅವನ ಜೀವಮಾನದ ಅಭ್ಯಾಸ. ಲೀಟರು, ಕ್ಯಾನು, ಡಿಗ್ರಿ. ಆಮೇಲೆ ಮೂರು ದಿನ ಮೂತ್ರದಲ್ಲಿ ರಕ್ತ ಹೋಯಿತು. ಅದನ್ನು ಅಮ್ಮನಿಗೆ ಹೇಳಿದ, ಅಮ್ಮ ನನಗೆ ಹೇಳಿದಳು. ಹಾಗಾಗುವುದು ಸಹಜ, ನೀರು ಹೆಚ್ಚು ಕುಡಿಯಲಿ ಅಂತ ಆಸ್ಪತ್ರೆಯವರು ನನಗೆ ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಿ, ಅಮ್ಮ ಅಪ್ಪನಿಗೆ ಹೇಳಿದಳು. ಒಂದೇ ಸೂರಿನ ಕೆಳಗೆ ಮೂರು ಜನ ಹೀಗೆ ಸುತ್ತಿ ಬಳಸಿ ಮಾತಾಡುತ್ತಿದ್ದೆವು.

ರಿಪೋರ್ಟಿಗೆ ಹತ್ತು ದಿನ ಅಂದಿದ್ದರು. ಹದಿಮೂರಾಯಿತು.

ಆ ಹದಿಮೂರು ದಿನಗಳ ಬಗ್ಗೆ ಬರೆಯಬೇಕೆಂದೇ ನಾನು ಕೂತಿರುವುದು. ಕಾಯಿಲೆ ಇದೆ ಅಂತ ತಿಳಿದ ದಿನ ಕಷ್ಟವೇ. ಆದರೆ ಆವತ್ತು ಮಾಡಲು ಕೆಲಸವಿರುತ್ತದೆ. ಕಾಯುವ ದಿನಗಳಲ್ಲಿ ಮಾಡಲು ಏನೂ ಇರುವುದಿಲ್ಲ. ಬೆಳಿಗ್ಗೆ ಮಗ್ಗಿ ಹೇಳಿಸುವಾಗ ಹದಿಮೂರರ ಮಗ್ಗಿಯಲ್ಲಿ ನಾನೇ ತಪ್ಪಿದೆ. ಮೂರನೇ ಕ್ಲಾಸಿನ ಹುಡುಗಿ ತಿದ್ದಿದಳು. ರಾತ್ರಿ ಫೋನು ಹಿಡಿದು ಓದುತ್ತಿದ್ದೆ, ಓದಿದಷ್ಟೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ತುಂಬಾ ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಅಂತ ಒಂದು ಕಡೆ ಓದಿ ಸಮಾಧಾನವಾದರೆ, ಮುಂದಿನ ಸಾಲಿನಲ್ಲೇ ಮೂಳೆಗೆ ಹರಡಿದರೆ ಮೊದಲು ಸೊಂಟ, ಬೆನ್ನುಮೂಳೆ ಅಂತ ಇರುತ್ತಿತ್ತು. ಎಣ್ಣೆ ನೀವಿದ ನನ್ನ ಕೈ ನೋಡಿಕೊಳ್ಳುತ್ತಿದ್ದೆ.

ಅದು ಅವರೆಕಾಯಿಯ ಕಾಲ. ಸೊಗಡಿನ ವಾಸನೆ ಊರು ತುಂಬಾ. ಕ್ರಿಸ್‌ಮಸ್ ರಜೆಯ ದಿನ ಊರಿಗೆ ಹೋದಾಗ ಅಮ್ಮ ಹಿತಕವರೆ ಸಾರು ಮಾಡಲು ಕಾಳು ನೆನೆಹಾಕಿದ್ದಳು. ಸಂಜೆ ಇಬ್ಬರೂ ನಡುಮನೆಯಲ್ಲಿ ಕೂತು ಕಾಳು ಹಿತುಕುತ್ತಿದ್ದೆವು. ಡೈರಿಯಿಂದ ಬಂದ ಅಪ್ಪ ಕೈ ತೊಳೆದುಕೊಂಡು ನಮ್ಮ ಎದುರು ಕೂತ. ಅಡುಗೆ ಕೆಲಸಕ್ಕೆ ಎಂದೂ ಕೈ ಹಾಕಿದವನಲ್ಲ. ಒಂದು ಹಿಡಿ ಕಾಳು ಎಳೆದುಕೊಂಡು ತಾನೂ ಹಿತುಕತೊಡಗಿದ. ಮೊದಲು ಬೇಳೆ ಚಿಮ್ಮಿ ಗೋಡೆಗೆ ಬಡಿಯುತ್ತಿತ್ತು, ಆಮೇಲೆ ಹದ ಸಿಕ್ಕಿತು. ಮೂವರೂ ಮಾತಾಡಲಿಲ್ಲ. ಸಿಪ್ಪೆಯ ಗುಡ್ಡೆ ಬೆಳೆಯುತ್ತಾ ಹೋಯಿತು. ಅರ್ಧ ಮುಗಿದಾಗ ಅಮ್ಮ ತಲೆ ಎತ್ತದೆ ಹೇಳಿದಳು, "ಮಗ್ಗುಲಲ್ಲೇ ಮಲಗ್ತೀನಿ. ನನಗೂ ಒಂದು ಮಾತು ಹೇಳಲಿಲ್ಲ." ಅಪ್ಪ ಬೇಳೆಯನ್ನೇ ನೋಡುತ್ತಾ, "ಏನು ಅಂತ ಹೇಳಲಿ?" ಅಂದ. ಕೋಪದಿಂದಲ್ಲ, ನಿಜವಾಗಲೂ ಕೇಳಿದ. ಅದನ್ನು ಹೇಳುವ ಮಾತೇ ಅವನ ಹತ್ತಿರ ಇರಲಿಲ್ಲ.

ಮಂಗಳವಾರ ಅಮ್ಮ ಕೋಲಾರಮ್ಮನ ಗುಡಿಗೆ ಹೋಗೋಣ ಅಂದಳು. ಒಳಗಿರುವ ಚೇಳಮ್ಮನ ಹುಂಡಿ ನೆಲದಲ್ಲಿ ಕೊರೆದ ಹಳ್ಳ. ಅಮ್ಮ ಸೆರಗಿನ ಗಂಟು ಬಿಚ್ಚಿ ಕಾಸು ಹಾಕಿದಳು. ಹರಕೆ ಏನು ಅಂತ ನಾನು ಕೇಳಲಿಲ್ಲ.

ಜನವರಿ 2ಕ್ಕೆ ರಿಪೋರ್ಟು ಬಂತು. 12 ಚೂರಿನಲ್ಲಿ 9ರಲ್ಲಿ ಕ್ಯಾನ್ಸರ್. ಗ್ಲೀಸನ್ 4+4=8. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಎಷ್ಟು ಅಂಕೆ ತಪ್ಪಿವೆ ಅಂತ ನೋಡಿ ಎರಡು ಅಂಕ ಕೊಟ್ಟು ಕೂಡಿಸುವ ಲೆಕ್ಕ ಅದು. 6 ಅಂದರೆ ಸೌಮ್ಯ, 8ರಿಂದ 10 ಅಂದರೆ ಉಗ್ರ. "ಹತ್ತಕ್ಕೆ ಎಂಟು" ಅಂದ ಅಪ್ಪ. ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ಬಂದರೆ ನಾನು ಮಕ್ಕಳ ಬೆನ್ನು ತಟ್ಟುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಕ್ಯಾನ್ಸರ್ ಅನ್ನುವ ಪದ ಯಾರೂ ಆಡುವುದಿಲ್ಲ. "ಕಿದ್ವಾಯಿಗೆ ಕರ್ಕೊಂಡು ಹೋಗವ್ರೆ" ಅನ್ನುತ್ತಾರೆ, ಅಷ್ಟಕ್ಕೇ ಎಲ್ಲರಿಗೂ ಅರ್ಥವಾಗುತ್ತದೆ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕ್ಯಾನ್ಸರ್ ಆಸ್ಪತ್ರೆಯ ಹೆಸರೇ ಕಾಯಿಲೆಯ ಹೆಸರಾಗಿಬಿಟ್ಟಿದೆ. ನಾವೂ ಹೋದೆವು. ಬೆಳಗಿನ ಐದರ ಬಸ್ಸು, ಟಿನ್ ಫ್ಯಾಕ್ಟರಿಯಲ್ಲಿ ಇಳಿದು ಇನ್ನೊಂದು ಬಸ್ಸು. ಅಲ್ಲಿನ ಬೆಂಚುಗಳ ಮೇಲೆ ನಮ್ಮಂಥ ಅಪ್ಪಂದಿರು, ಅವರ ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಫೈಲು ಹಿಡಿದ ನಮ್ಮಂಥ ಮಕ್ಕಳು.

ಮೂಳೆ ಸ್ಕ್ಯಾನು ಮಾಡುವ ದಿನ ಕೈಗೆ ವಿಕಿರಣದ ಔಷಧಿ ಚುಚ್ಚಿ, ಮೂರು ಗಂಟೆ ಕಾಯಿರಿ, ನೀರು ಚೆನ್ನಾಗಿ ಕುಡಿದು ಮೇಲಿಂದ ಮೇಲೆ ಮೂತ್ರಕ್ಕೆ ಹೋಗಿ ಅಂದರು. ಹೋಗಲಾರದ ಮನುಷ್ಯನಿಗೆ ಹೋಗು ಅನ್ನುವುದು. ಅಪ್ಪ ಪ್ರತಿ ಸಲವೂ ಕಾರಿಡಾರಿನ ಕೊನೆಯವರೆಗೆ ನಡೆದು, ಬಹಳ ಹೊತ್ತಿನ ಮೇಲೆ ಬರುತ್ತಿದ್ದ. ನಾಲ್ಕನೇ ಸಲ ಬಂದಾಗ ನಾನು ಕೇಳಿದೆ, "ಆಯ್ತಾ ಅಪ್ಪ?" ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅಪ್ಪ ನಿಂತ. "ಸ್ವಲ್ಪ ಆಯ್ತು ಪಾಪ. ಉರೀತದೆ" ಅಂದ. ಆಮೇಲಿನ ಸಲದಿಂದ ತಾನಾಗಿಯೇ ಹೇಳಿದ.

ಆ ದಿನ ಚಿಕ್ಕಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ ಅಂದಿದ್ದರು. ಮನೆಗೆ ಬಂದಾಗ ನನ್ನ ಮೂರು ವರ್ಷದ ಮಗ ಎಂದಿನಂತೆ ತಾತನ ಕಡೆ ಓಡಿಬಂದ. ಅಪ್ಪ ಅಂಗೈ ಅಡ್ಡ ಹಿಡಿದು ಹಿಂದೆ ಸರಿದ. ಹುಡುಗ ಏನು ತಪ್ಪು ಮಾಡಿದೆನೋ ಅಂತ ಅತ್ತ. ಅಪ್ಪ ಆ ರಾತ್ರಿ ಹೊರಗಿನ ಕೋಣೆಯಲ್ಲಿ ಒಬ್ಬನೇ ಮಲಗಿದ. ಇಡೀ ಕಾಯಿಲೆಯಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತಿದ್ದು ಆವತ್ತು.

ಜನವರಿ 11ಕ್ಕೆ ಡಾಕ್ಟರು ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತರು. ಸೊಂಟದ ಮೂಳೆಯಲ್ಲಿ ಎರಡು ಕಡೆ, ಬೆನ್ನುಮೂಳೆಯಲ್ಲಿ ಒಂದು ಕಡೆ ಕಪ್ಪು ಚುಕ್ಕೆ. ಈ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಮೇವು, ಆ ಮೇವು ನಿಲ್ಲಿಸಿದರೆ ಅದು ಸೊರಗುತ್ತದೆ ಅಂದರು. ಪೂರ್ತಿ ಗುಣವಾಗುವುದಿಲ್ಲ, ಆದರೆ ಹಿಡಿದಿಡಬಹುದು. ಎರಡು ದಾರಿ. ಒಂದು, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಜೀವನಪೂರ್ತಿ. ಇನ್ನೊಂದು, ಒಂದೇ ಸಲ ಚಿಕ್ಕ ಆಪರೇಷನ್, ಎರಡೂ ವೃಷಣ ತೆಗೆಯುವುದು. ಯಾವುದಾದರೂ ಸರಿ, ಜೊತೆಗೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಬಿರಾಟೆರಾನ್ ಮಾತ್ರೆ ನಾಲ್ಕು, ಅದರ ಜೊತೆಗಿನ ಸ್ಟೀರಾಯ್ಡ್ ಮಾತ್ರೆ, ಮೂಳೆಗೆ ಕ್ಯಾಲ್ಸಿಯಂ. ಮೈ ಬಿಸಿಯೇರಿ ಬೆವರುವುದು, ಸುಸ್ತು, ಮೂಳೆ ಸವೆಯುವುದು ಇರುತ್ತದೆ ಅಂತಲೂ ಮುಚ್ಚಿಡದೆ ಹೇಳಿದರು. ಈ ಸಲ ನಾನು ಎದ್ದು ಹೊರಗೆ ಹೋಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನಿಗೆ ಓದಿದ್ದನ್ನು ಹೇಳಿದೆ. ಹಾರ್ಮೋನು ನಿಲ್ಲಿಸಿದರೆ ಈ ಕ್ಯಾನ್ಸರ್ ಇಳಿಯುತ್ತದೆ ಅಂತ 1941ರಲ್ಲೇ ಚಾರ್ಲ್ಸ್ ಹಗಿನ್ಸ್ ಎಂಬ ಡಾಕ್ಟರು ಷಿಕಾಗೋದಲ್ಲಿ ತೋರಿಸಿದ್ದರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು ಅಂದೆ. "ನಾನು ಹುಟ್ಟೋಕೆ ಮುಂಚೆಯೇ ಇದ್ದ ಮದ್ದು ಅನ್ನು" ಅಂದ. ಮುಖ ಸ್ವಲ್ಪ ಸಡಿಲವಾಯಿತು.

ನರಸಾಪುರ ಹತ್ತಿರವಾದಾಗ ಕೆರೆ ಕಾಣಿಸಿತು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧಮಾಡಿ ಬಿಡುವ ನೀರು, ಹರಿಯತೊಡಗಿದ ಮೇಲೆ ನಮ್ಮ ಕಡೆಯ ಕೆರೆಗಳಲ್ಲಿ ನೀರು ನಿಂತಿದೆ. ಬಸ್ಸಿನಲ್ಲಿ ಹೋಗುವಾಗಲೆಲ್ಲ ಅಪ್ಪ ಅದನ್ನು ಕತ್ತು ತಿರುಗಿಸಿ ನೋಡುತ್ತಾನೆ. ಆವತ್ತೂ ನೋಡುತ್ತಲೇ ಕೇಳಿದ, "ಹೋರಿಗೆ ಬೀಜ ಒಡೆಸ್ತೀವಲ್ಲ ಪಾಪ, ಅದೇ ತಾನೇ ಇದು?"

ನನಗೆ ಗಂಟಲು ಕಟ್ಟಿತು. ಹೂಂ ಅಂದೆ. ಇಂಜೆಕ್ಷನ್ನೇ ತಗೋ ಅಪ್ಪ, ಖರ್ಚಿನ ಯೋಚನೆ ಬಿಡು, ನಾನಿದ್ದೀನಿ ಅಂದೆ.

"ಖರ್ಚಿಗಲ್ಲ. ಮೂರು ತಿಂಗಳಿಗೊಂದು ಸಲ ಆ ದಿನ ಯಾವಾಗ ಬರುತ್ತೋ ಅಂತ ಕಾಯಬೇಕಲ್ಲ. ಈ ಒಂದು ತಿಂಗಳು ಕಾದಿದ್ದೇ ಸಾಕು." ಸ್ವಲ್ಪ ಹೊತ್ತು ಬಿಟ್ಟು, ನನ್ನ ಕೈ ಮೇಲೆ ಕೈ ಇಟ್ಟು, "ಒಡೆಸಿದ ಎತ್ತೇ ಅಲ್ವಾ ಪಾಪ ಹೊಲ ಉಳೋದು" ಅಂದ.

ಸಂಕ್ರಾಂತಿಗೆ ಹಸುಗಳಿಗೆ ಕಿಚ್ಚು ಹಾಯಿಸಿಯೇ ಬರುತ್ತೇನೆ ಅಂತ ಡಾಕ್ಟರ ಹತ್ತಿರ ಕೇಳಿಕೊಂಡಿದ್ದ. ಹಬ್ಬ ಕಳೆದ ಮೇಲೆ ಆಪರೇಷನ್ ಆಯಿತು, ಮಾರನೇ ದಿನವೇ ಮನೆಗೆ ಬಂದ. ಏಪ್ರಿಲ್‌ನಲ್ಲಿ ಪಿಎಸ್‌ಎ 2.3ಕ್ಕೆ ಇಳಿದಿತ್ತು. ಸೊಂಟನೋವು ತಗ್ಗಿದೆ. ರಾತ್ರಿ ಚಿಲಕದ ಸದ್ದು ಒಂದು ಸಲ, ಕೆಲವು ರಾತ್ರಿ ಎರಡು ಸಲ.

ಬೇಸಿಗೆ ರಜೆಯಲ್ಲಿ ಒಂದು ಸಂಜೆ ಹಾಲು ಹಾಕಲು ನಾನೂ ಡೈರಿಗೆ ಹೋಗಿದ್ದೆ. ಅಪ್ಪ ಬೆಂಚಿನ ಮೇಲೆ ಕೂತಿದ್ದ. ಸಾಲಿನಲ್ಲಿ ನಿಂತಿದ್ದ, ಅವನದೇ ವಾರಗೆಯ ಪಕ್ಕದ ಬೀದಿಯವರೊಬ್ಬರು ಕ್ಯಾನು ಇಟ್ಟು ಗೋಡೆಯ ಹಿಂದೆ ಹೋಗಿ, ಬಹಳ ಹೊತ್ತಿನ ಮೇಲೆ ಬಂದರು. ಅಪ್ಪ ಎಲ್ಲರಿಗೂ ಕೇಳುವ ಹಾಗೆ, "ಏನಯ್ಯಾ, ರಾತ್ರಿ ಒಂದಕ್ಕೆ ಎಷ್ಟು ಸಲ ಏಳ್ತೀಯ?" ಅಂದ. ಸಾಲು ಸುಮ್ಮನಾಯಿತು. ಅವರು ನನ್ನ ಕಡೆ ಒಮ್ಮೆ ನೋಡಿದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡದೆ, ಪಂಚೆಯ ಪಕ್ಕದಲ್ಲಿ, ಮೂರು ಬೆರಳು ತೋರಿಸಿದರು.

ಅಪ್ಪ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ.